ಚಿತ್ರ ಬರೆದವರ ಮಾತಿಗೆ ಕಿವಿಗೊಟ್ಟರೆ ತಪ್ಪೇನು?

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರ ಸಂದರ್ಶನಗಳನ್ನು ಹುಡುಕಿಕೊಂಡು ಹೋಗಿ ಓದುವ, ಕೇಳುವ ಒಂದು ಸಣ್ಣ ಬಳಗ ಎಲ್ಲ ಭಾಷೆಗಳಲ್ಲೂ ಇದೆ. ಆ ಬಳಗದ ಬಗ್ಗೆ ಗಂಭೀರ ಓದುಗರಲ್ಲಿ ಮೆಲುದನಿಯ ತಾತ್ಸಾರವೂ ಇದೆ. ಕಾದಂಬರಿಕಾರರು ಮಾತಾಡಿದರೆ ಅದನ್ನು ಚಿಂತನೆ ಎನ್ನುತ್ತಾರೆ, ಕವಿ ಮಾತಾಡಿದರೆ ಕಾವ್ಯಮೀಮಾಂಸೆ ಎನ್ನುತ್ತಾರೆ. ಗುಬ್ಬಿ, ಆನೆ, ಹುಲಿಮರಿಗಳ ಚಿತ್ರ ಬರೆದವರು ಮಾತಾಡಿದರೆ ಮಾತ್ರ ಅದು ಭಾನುವಾರದ ಪುರವಣಿಯಲ್ಲಿ ಖಾಲಿ ಜಾಗ ತುಂಬುವ ಸರಕು. ‘ಚಿತ್ರ ತಾನೇ ಮಾತಾಡಬೇಕು, ಬರೆದವರೇಕೆ ಮಾತಾಡಬೇಕು?’ ಎಂದು ಕೇಳಿದವರಿಗೆ ದೊಡ್ಡದೊಂದು ತತ್ತ್ವ ಹೇಳಿದ ಸಮಾಧಾನವೂ ಸಿಗುತ್ತದೆ. ಕೇಳಲು ಚೆನ್ನಾಗಿರುವ ಈ ತತ್ತ್ವದೊಳಗೆ ಒಂದಕ್ಕೊಂದು ನಂಟಿಲ್ಲದ ಹಲವು ಮಾತುಗಳು ಗೋಜಲಾಗಿ ಸೇರಿಕೊಂಡಿವೆ.

ಗೋಜಲು ಬಿಡಿಸುವ ಮೊದಲು ಆ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಅದರಲ್ಲಿ ನಾಲ್ಕು ವಾದಗಳಿವೆ.

1. ಚಿತ್ರ ಸ್ವಯಂಪೂರ್ಣ. ಬರೆದವರು ಪಕ್ಕದಲ್ಲಿ ನಿಂತು ವಿವರಿಸಬೇಕಾಗಿ ಬಂದರೆ ಚಿತ್ರ ಸೋತಿದೆ ಎಂದೇ ಅರ್ಥ.

2. ಮಕ್ಕಳ ಪುಸ್ತಕದಲ್ಲಿ ಕಥೆ ಮೊದಲು, ಚಿತ್ರ ಆಮೇಲೆ. ಲೇಖಕರು ಹೇಳಿದ್ದನ್ನು ಕಲಾವಿದರು ಗೆರೆಗಿಳಿಸುತ್ತಾರೆ. ಕೇಳುವುದೇನಾದರೂ ಇದ್ದರೆ ಲೇಖಕರನ್ನು ಕೇಳಬೇಕು.

3. ಸಂದರ್ಶನವೆಂಬುದು ನೆನಪು ಮತ್ತು ಪ್ರಚಾರದ ಮಿಶ್ರಣ. ಎಂದೋ ಬರೆದ ಗೆರೆಗೆ ಇಂದು ಕಾರಣ ಕೇಳಿದರೆ ಹುಟ್ಟುವುದು ಕಟ್ಟುಕಥೆಯೇ.

4. ಪುಸ್ತಕ ಇರುವುದು ಮಗುವಿಗಾಗಿ. ಮಗುವಿಗೆ ಸಂದರ್ಶನ ಬೇಕಿಲ್ಲ. ಬೇಕೆನ್ನುವವರು ದೊಡ್ಡವರು, ಅದು ಅವರ ಹವ್ಯಾಸವಷ್ಟೆ.

ನಾಲ್ಕರಲ್ಲೂ ಅಷ್ಟಿಷ್ಟು ಸತ್ಯವಿದೆ. ತೊಡಕಿರುವುದು ಆ ಸತ್ಯಗಳಿಂದ ‘ಆದ್ದರಿಂದ ಈ ಸಂದರ್ಶನಗಳನ್ನು ಸವಿಯುವುದು ವ್ಯರ್ಥ’ ಎಂಬ ತೀರ್ಮಾನಕ್ಕೆ ಹಾರುವಲ್ಲಿ.

ಮೊದಲನೆಯ ವಾದಕ್ಕೆ ಕನ್ನಡದಲ್ಲಿ ಗೌರವದ ಹಿನ್ನೆಲೆಯೇ ಇದೆ. ನವ್ಯರ ಕಾಲದಲ್ಲಿ ಬೇರುಬಿಟ್ಟ ಕೃತಿನಿಷ್ಠ ವಿಮರ್ಶೆಯು ಲೇಖಕರ ಜೀವನಚರಿತ್ರೆಯನ್ನೂ ಅವರ ಹೇಳಿಕೆಗಳನ್ನೂ ಪಕ್ಕಕ್ಕಿಟ್ಟು ಪಠ್ಯವನ್ನು ನೋಡಲು ಕಲಿಸಿತು. ಇಂಗ್ಲಿಷಿನಲ್ಲಿ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರ ತಮ್ಮ ಹೆಸರಾಂತ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ: ಕೃತಿಕಾರನ ಉದ್ದೇಶವನ್ನು ಕೃತಿಯ ಬೆಲೆ ಕಟ್ಟುವ ಅಳತೆಗೋಲಾಗಿ ಬಳಸಬಾರದು. ಆದರೆ ಆ ನಿಷೇಧದ ಮೇರೆ ಎಷ್ಟು ಎಂಬುದನ್ನು ಗಮನಿಸಬೇಕು. ಕೃತಿ ಹೇಗೆ ರೂಪುಗೊಂಡಿತೆಂದು ತಿಳಿಯಬಾರದೆಂದಾಗಲಿ, ತಿಳಿದು ಸಂತೋಷಪಡಬಾರದೆಂದಾಗಲಿ ಅದು ಹೇಳಲಿಲ್ಲ. ಸಂದರ್ಶನದಲ್ಲಿ ಕಲಾವಿದರು ಎರಡು ಬಗೆಯ ಮಾತಾಡುತ್ತಾರೆ. ‘ಈ ಚಿತ್ರದ ಅರ್ಥ ಇದು’ ಎಂಬುದು ಒಂದು ಬಗೆ. ‘ಮೊದಲು ಹೀಗೆ ಬರೆದೆ, ಸರಿಬರಲಿಲ್ಲ, ಬಿಟ್ಟು ಹೀಗೆ ಮಾಡಿದೆ’ ಎಂಬುದು ಇನ್ನೊಂದು. ಕೃತಿನಿಷ್ಠರ ತಕರಾರು ಮೊದಲನೆಯದಕ್ಕೆ ಮಾತ್ರ ಅನ್ವಯಿಸುತ್ತದೆ. ಎರಡನೆಯದು ಅರ್ಥವನ್ನು ಹೇರುವುದಿಲ್ಲ, ಆಯ್ಕೆಯೊಂದನ್ನು ತೋರಿಸುತ್ತದೆ. ಪುಟದ ಮೇಲಿರುವುದು ಹಾಗೆಯೇ ಇರಬೇಕಾಗಿರಲಿಲ್ಲ, ಬೇರೆ ಥರವೂ ಇರಬಹುದಿತ್ತು ಎಂಬ ಅರಿವು ಮೂಡಿದ ಮೇಲೆ ಕಣ್ಣು ಅದೇ ಪುಟವನ್ನು ಮೊದಲಿಗಿಂತ ಚುರುಕಾಗಿ ನೋಡುತ್ತದೆ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡಬಹುದು. ಮಧ್ಯಪ್ರದೇಶದ ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರ ಬರೆದ ‘ಭೀಮಾಯಣ’ 2011ರಲ್ಲಿ ನವಯಾನ ಪ್ರಕಾಶನದಿಂದ ಬಂತು. ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಪಠ್ಯ ಬರೆದ ಈ ಅಂಬೇಡ್ಕರ್ ಕಥನವನ್ನು ದೊಡ್ಡವರೂ ಓದುತ್ತಾರೆ, ಓದು ಬಲ್ಲ ಮಕ್ಕಳೂ ಓದುತ್ತಾರೆ. ಕಾಮಿಕ್ಸ್ ಎಂದರೆ ಚೌಕದ ಪಕ್ಕ ಚೌಕ ಎಂಬ ರೂಢಿಯನ್ನು ಕಲಾವಿದರಿಬ್ಬರೂ ಒಪ್ಪಲಿಲ್ಲ. ಪಾತ್ರಗಳನ್ನು ಪೆಟ್ಟಿಗೆಯೊಳಗೆ ತುರುಕಿದರೆ ಅವುಗಳಿಗೆ ಉಸಿರುಕಟ್ಟುತ್ತದೆ, ತಮ್ಮ ಕಲೆ ಬಯಲಿನದು ಎಂಬುದು ಅವರ ನಿಲುವಾಗಿತ್ತು. ಮಾತಿನ ಗುಳ್ಳೆಗಳಲ್ಲೂ ಅವರು ಭೇದ ಮಾಡಿದರು. ಮೃದುವಾಗಿ ಮಾತಾಡುವವರ ಗುಳ್ಳೆಗೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವವರ ಗುಳ್ಳೆಗೆ ಚೇಳಿನ ಬಾಲ. ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ಈ ಸಂಗತಿಗಳು ಓದುಗರಿಗೆ ತಿಳಿದದ್ದು ಕಲಾವಿದರ ಜೊತೆಗಿನ ಮಾತುಕತೆಯನ್ನು ಆಧರಿಸಿ ಪುಸ್ತಕದ ಕೊನೆಗೆ ಸೇರಿಸಿದ ಬರಹದಿಂದ. ಅದನ್ನು ಓದದೆಯೂ ಚೇಳಿನ ಬಾಲ ಪುಟದ ಮೇಲಿತ್ತು. ಆದರೆ ಮೊದಲ ಓದಿಗೆ ಅದನ್ನು ಅಲಂಕಾರವೆಂದು ದಾಟಿ ಹೋದವರೇ ಹೆಚ್ಚು. ಆ ಮಾತು ಹೊಸ ಅರ್ಥವನ್ನೇನೂ ಹೊರಗಿನಿಂದ ತರಲಿಲ್ಲ, ಇದ್ದದ್ದರತ್ತ ಬೆರಳು ತೋರಿಸಿತು. ಅದು ನಿಜವೋ ಸುಳ್ಳೋ ಎಂದು ಪುಟ ತಿರುಗಿಸಿ ಪರೀಕ್ಷಿಸಲೂ ಬರುತ್ತದೆ.

ಹೇಗೆ ಮಾಡಿದರೆಂದು ತಿಳಿದರೆ ಮೋಡಿ ಕಳೆದುಹೋಗುತ್ತದೆ ಎಂಬ ಅಂಜಿಕೆಗೂ ಆಧಾರ ಸಾಲದು. ಯಕ್ಷಗಾನದ ಚೌಕಿಯಲ್ಲಿ ಕೂತು ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟು–ಸುಣ್ಣದ ಚಿಟ್ಟಿ ಇಡುವುದನ್ನು ಗಂಟೆಗಟ್ಟಲೆ ನೋಡಿದವರು ಅದೇ ರಕ್ಕಸ ತೆರೆಯ ಹಿಂದಿನಿಂದ ಅಬ್ಬರಿಸಿದಾಗ ಬೆಚ್ಚುವುದನ್ನೇನೂ ಬಿಟ್ಟಿಲ್ಲ.

ಎರಡನೆಯ ವಾದ, ಅಂದರೆ ಕಥೆ ಯಜಮಾನ, ಚಿತ್ರ ಆಳು ಎಂಬ ನಂಬಿಕೆ, ವಸ್ತುಸ್ಥಿತಿಗೇ ವಿರುದ್ಧ. ಅದು ವಿರುದ್ಧವೆಂದು ಗೊತ್ತಾಗಿರುವುದೂ ಬಹುಮಟ್ಟಿಗೆ ಕಲಾವಿದರು ಬಾಯಿಬಿಟ್ಟದ್ದರಿಂದಲೇ. ರೋಲ್ಡ್ ಡಾಲ್ ಅವರ ‘ದಿ ಬಿಎಫ್‌ಜಿ’ (1982) ಕಾದಂಬರಿಯ ದೈತ್ಯನಿಗೆ ಮೊದಲು ಉದ್ದನೆಯ ಬೂಟುಗಳಿದ್ದವು. ಕ್ವೆಂಟಿನ್ ಬ್ಲೇಕ್ ಹಾಗೆಯೇ ಬರೆದು ತೋರಿಸಿದಾಗ ಡಾಲ್ ಅವರಿಗೆ ಹಿಡಿಸಲಿಲ್ಲ. ದೈತ್ಯನ ಕಾಲಿಗೆ ಏನು ಹಾಕಬೇಕೆಂಬುದು ಇಬ್ಬರ ನಡುವೆ ಇತ್ಯರ್ಥವಾಗದೆ ಉಳಿಯಿತು. ಕೊನೆಗೆ ಡಾಲ್ ತಾವು ತೊಡುತ್ತಿದ್ದ ನಾರ್ವೆ ದೇಶದ ಚಪ್ಪಲಿಯೊಂದನ್ನು ಕಂದು ಕಾಗದದಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿದರು. ದೈತ್ಯನ ಕಾಲಿಗೆ ಬಂದದ್ದು ಆ ಚಪ್ಪಲಿ. ಬ್ಲೇಕ್ ಹಲವು ಸಲ ಹೇಳಿರುವ ಈ ಪ್ರಸಂಗದಿಂದ ತಿಳಿಯುವುದಿಷ್ಟು: ಚಿತ್ರವಾಗಿ ಕಣ್ಣಮುಂದೆ ಬಂದ ಮೇಲೆಯೇ ಲೇಖಕರಿಗೂ ತಮ್ಮ ಪಾತ್ರದ ಕಾಲು ಕಂಡದ್ದು. ಮಾರಿಸ್ ಸೆಂಡಾಕ್ ಅವರ 1963ರ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆ ಕಥೆಯಲ್ಲಿ ಮೊದಲು ಇದ್ದದ್ದು ಕಾಡುಕುದುರೆಗಳು. ತಮಗೆ ಕುದುರೆ ಬರೆಯಲು ಬರುವುದಿಲ್ಲವೆಂದು ಮನಗಂಡ ಸೆಂಡಾಕ್ ಕಥೆಯನ್ನೇ ಬದಲಿಸಿ ಕುದುರೆಗಳ ಜಾಗದಲ್ಲಿ ಹೆಸರಿಲ್ಲದ ಪ್ರಾಣಿಗಳನ್ನು ತಂದರು. ಅವುಗಳ ಮುಖಕ್ಕೆ ಬಾಲ್ಯದಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಿಷ್ಟರ ಹಲ್ಲು, ಮೂಗುಗಳನ್ನು ಕೊಟ್ಟರು. ಆ ಪುಸ್ತಕ ತೆರೆದರೆ ಚಿತ್ರ ಮೊದಲ ಪುಟದಲ್ಲಿ ಅಗಲವಾದ ಬಿಳಿ ಅಂಚಿನ ನಡುವೆ ಚಿಕ್ಕದಾಗಿದೆ. ಪುಟದಿಂದ ಪುಟಕ್ಕೆ ಹಿಗ್ಗುತ್ತ ಹೋಗಿ, ನಟ್ಟನಡುವಿನ ಮೂರು ಜೋಡಿಪುಟಗಳಲ್ಲಿ ಒಂದಕ್ಷರಕ್ಕೂ ಎಡೆಯಿಲ್ಲದಂತೆ ತುಂಬಿಕೊಳ್ಳುತ್ತದೆ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ, ಬರೀ ಮಾತು. ಯಾರು ಯಾರಿಗೆ ಆಳು ಎಂದು ಇಲ್ಲಿ ಹೇಳುವುದು ಕಷ್ಟ.

ಭಾರತದ ನಿದರ್ಶನಗಳೂ ಇದನ್ನೇ ಹೇಳುತ್ತವೆ. ಬಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಕಲ್ಕತ್ತೆಯ ಸಿಗ್ನೆಟ್ ಪ್ರೆಸ್‌ಗಾಗಿ ಚಿತ್ರ ಬರೆಯುವಾಗಲೇ ತರುಣ ಸತ್ಯಜಿತ್ ರಾಯ್ ಅವರಿಗೆ ಆ ಕಥೆ ದೃಶ್ಯಗಳಾಗಿ ಕಂಡದ್ದು; 1955ರ ಸಿನಿಮಾದ ಬೇರು ಅಲ್ಲಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ‘ದಿ ಲಂಡನ್ ಜಂಗಲ್ ಬುಕ್’ (2004) ಪುಸ್ತಕದಲ್ಲಂತೂ ಕಲಾವಿದರ ಮಾತೇ ಪಠ್ಯ. ಹೋಟೆಲಿನ ಗೋಡೆಗೆ ಚಿತ್ರ ಬರೆಯಲು ಲಂಡನ್ನಿಗೆ ಹೋದ ಗೊಂಡ ಕಲಾವಿದ ಭಜ್ಜು ಶ್ಯಾಮ್, ಮರಳಿ ಬಂದು ಹೇಳಿದ್ದನ್ನು ತಾರಾ ಬುಕ್ಸ್‌ನವರು ಕೇಳಿ ಬರೆದುಕೊಂಡರು. ಬಿಗ್ ಬೆನ್ ಗಡಿಯಾರ ಅವರ ಕೈಯಲ್ಲಿ ಹುಂಜವಾಯಿತು, ಎರಡೂ ಹೊತ್ತು ಸಾರುವಂಥವು. ನೆಚ್ಚಿನ ಬಸ್ಸು ನಾಯಿಯಾಯಿತು. ಇದನ್ನು ಓದಿ ಸಂತೋಷಪಟ್ಟವರೆಲ್ಲ ಕಲಾವಿದರೊಬ್ಬರ ಸಂದರ್ಶನ ಓದಿಯೇ ಸಂತೋಷಪಟ್ಟವರು. ಅದರ ಮೇಲೆ ಪುಸ್ತಕ ಎಂಬ ಹೆಸರಿದ್ದುದರಿಂದ ಯಾರೂ ಮೂಗುಮುರಿಯಲಿಲ್ಲ, ಅಷ್ಟೆ.

ಕಥೆಗೆ ಚಿತ್ರ ಅಧೀನ ಎಂಬ ನಂಬಿಕೆಯನ್ನು ನವಿ ಮುಂಬೈಯ ಅಂಚಿನ ಕಳಂಬೋಲಿಯಂಥ ಊರಿನಲ್ಲಿಟ್ಟು ನೋಡಿದರೆ ಅದರ ದೌರ್ಬಲ್ಯ ಇನ್ನಷ್ಟು ನಿಚ್ಚಳ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವ, ಸಿಡ್ಕೋ ಕಟ್ಟಿದ ವಸಾಹತು ಅದು. ಪಕ್ಕದಲ್ಲೇ ಕಬ್ಬಿಣ–ಉಕ್ಕಿನ ದೊಡ್ಡ ಮಾರುಕಟ್ಟೆ. ಅಲ್ಲಿನ ಕನ್ನಡ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಅಜ್ಜಿ ಓದುವುದು ಕನ್ನಡ. ಮೊಮ್ಮಗಳು ಶಾಲೆಯಲ್ಲಿ ಓದುವುದು ಮರಾಠಿ ಅಥವಾ ಇಂಗ್ಲಿಷ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಒಂದೇ ಪುಸ್ತಕವನ್ನು ಅಜ್ಜಿ ಕನ್ನಡದಲ್ಲೂ ಮೊಮ್ಮಗಳು ಮರಾಠಿಯಲ್ಲೂ ತೆರೆಯಬಹುದು. ಅಕ್ಷರ ಬದಲಾಗುತ್ತದೆ, ವಾಕ್ಯ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಚಿತ್ರ. ಅಜ್ಜಿ–ಮೊಮ್ಮಗಳು ಇಬ್ಬರೂ ಒಂದೇ ಸಲಕ್ಕೆ ಬೆರಳಿಟ್ಟು ಮಾತಾಡಬಲ್ಲ ಪಠ್ಯ ಅದೊಂದೇ. ಆ ವೇದಿಕೆಯ ಚಿತ್ರಸಂಗ್ರಹದಿಂದ ಚಿತ್ರಗಳನ್ನು ಆಯ್ದುಕೊಂಡು ಅವುಗಳಿಗೆ ಹೊಸ ಕಥೆ ಹೊಸೆಯಲೂ ಅವಕಾಶವಿದೆ. ಆಗ ಚಿತ್ರ ಮೊದಲು, ಕಥೆ ಆಮೇಲೆ. ಇದೇನೂ ಇಂಟರ್‌ನೆಟ್ ಕಾಲದ ಹೊಸ ಸೋಜಿಗವಲ್ಲ. 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟು ಬಳಿಕ ಕನ್ನಡಕ್ಕೂ ಬಂದ ‘ಚಂದಮಾಮ’ ಅನೇಕ ಭಾಷೆಗಳಿಗೆ ಒಂದೇ ಚಿತ್ರಗಳನ್ನು ಬಳಸುತ್ತಿತ್ತು. ಒಂದು ಕೈಯಲ್ಲಿ ಕತ್ತಿ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ವಿಕ್ರಮನನ್ನು ಬರೆದವರು ಶಂಕರ್ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್. ಕನ್ನಡದ ಮಗುವಿಗೂ ಮರಾಠಿಯ ಮಗುವಿಗೂ ವಿಕ್ರಮನೆಂದರೆ ಅದೇ ಮೀಸೆ, ಅದೇ ನಡಿಗೆ. ಆ ಕಥೆಗಳ ವಾಕ್ಯಗಳು ಓದಿದವರಿಗೆ ಮರೆತಿರಬಹುದು. ಆ ಚಿತ್ರ ಮರೆತವರು ಕಡಿಮೆ. ಹೀಗಿರುವಾಗ ಪುಸ್ತಕದ ಬಗ್ಗೆ ಕೇಳಲು ಕಥೆ ಬರೆದವರೊಬ್ಬರೇ ಅರ್ಹರು ಎಂಬುದಕ್ಕೆ ಆಧಾರವೇನು?

ಆಧಾರವಿಲ್ಲದಿದ್ದರೂ ನಂಬಿಕೆ ಗಟ್ಟಿಯಾಗಿ ನಿಂತದ್ದಕ್ಕೆ ಕಾರಣಗಳಿವೆ. ಮನ್ನಣೆಯ ವ್ಯವಸ್ಥೆಯೇ ಹಾಗೆ ಬೆಳೆದಿದೆ. ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ನ್ಯೂಬೆರಿ ಪದಕ 1922ರಲ್ಲಿ ಬಂತು. ಚಿತ್ರಗಳಿಗಾಗಿ ಕಾಲ್ಡೆಕಾಟ್ ಪದಕ ಬಂದದ್ದು 1938ರಲ್ಲಿ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಲೇಖಕರಿಗೆ 1956ರಿಂದ, ಕಲಾವಿದರಿಗೆ 1966ರಿಂದ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರ ಲೇಖಕರದ್ದು. ಜನಪ್ರಿಯ ನೆನಪು ಕೂಡ ಇದೇ ಜಾಡಿನಲ್ಲಿ ಸಾಗುತ್ತದೆ. ‘ಅಮರ ಚಿತ್ರ ಕಥೆ’ ಎಂದೊಡನೆ ಮುಂಬೈ ಕನ್ನಡಿಗರು ಕಾರ್ಕಳದ ಅನಂತ ಪೈ ಅವರನ್ನು ಅಭಿಮಾನದಿಂದ ನೆನೆಯುತ್ತಾರೆ. ಆ ಮಾಲೆಯ ‘ಕೃಷ್ಣ’ನಿಗೂ ಮುಂದೆ ‘ಟಿಂಕಲ್’ನ ಸುಪ್ಪಂದಿಗೂ ರೂಪ ಕೊಟ್ಟ ರಾಮ್ ವಾಯೀರ್ಕರ್ ಅವರ ಹೆಸರು ಹೇಳುವವರು ಅಪರೂಪ. ಹೆಸರು ಗೊತ್ತಿಲ್ಲದವರನ್ನು ಯಾರೂ ಸಂದರ್ಶಿಸುವುದಿಲ್ಲ. ಸಂದರ್ಶನವಿಲ್ಲದವರಿಗೆ ಹೇಳುವುದೇನೂ ಇರಲಿಲ್ಲವೆಂದು ಭಾವಿಸಲಾಗುತ್ತದೆ. ಎರಡನೆಯ ವಾದ ತನ್ನ ಸಾಕ್ಷ್ಯವನ್ನು ತಾನೇ ತಯಾರಿಸಿಕೊಳ್ಳುವುದು ಹೀಗೆ.

ನಾಲ್ಕರಲ್ಲಿ ಹೆಚ್ಚು ತೂಕದ್ದು ಮೂರನೆಯ ವಾದ. ಸಂದರ್ಶನಗಳು ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಎರಿಕ್ ಕಾರ್ಲ್ ಅವರ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. 1969ರ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಬರೆದ ಕಾರ್ಲ್ 2021ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅವರದೆನ್ನಲಾದ ಹೇಳಿಕೆಯೊಂದು ಎಲ್ಲೆಡೆ ಹರಿದಾಡಿತು: ಕಂಬಳಿಹುಳುವಿಗೆ ಹೊಟ್ಟೆನೋವು ಬರುವ ಪುಟದ ಬಗ್ಗೆ ತಾವು ಪ್ರಕಾಶಕರೊಂದಿಗೆ ಜಗಳವಾಡಿದ್ದಾಗಿ ಅವರು ಅದರಲ್ಲಿ ಹೇಳಿದ್ದರಂತೆ. ಓದಿದವರೆಲ್ಲ ಮೆಚ್ಚಿ ಹಂಚಿದರು. ಅದು ‘ಪ್ಯಾರಿಸ್ ರಿವ್ಯೂ’ 2015ರ ಏಪ್ರಿಲ್ ಫೂಲ್ ತಮಾಷೆಗೆಂದು ಹೆಣೆದ ಅಣಕು ಸಂದರ್ಶನವಾಗಿತ್ತು. ಹಾಗೆಂದು ಪತ್ರಿಕೆಯೇ ಸ್ಪಷ್ಟಪಡಿಸಬೇಕಾಯಿತು.

ಇದರಿಂದ ಕಲಿಯಬೇಕಾದ ಪಾಠ ಯಾವುದು ಎಂಬುದು ಪ್ರಶ್ನೆ. ಸಂದರ್ಶನಗಳನ್ನೇ ಬಿಡಬೇಕು ಎಂಬುದು ಒಂದು ಉತ್ತರ. ಆದರೆ ಕಾರ್ಲ್ ನಿಜವಾಗಿ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟರೆ ಬೇರೊಂದು ಉತ್ತರ ಹೊಳೆಯುತ್ತದೆ. ಕಾಗದಕ್ಕೆ ರಂಧ್ರ ಹೊಡೆಯುವ ಯಂತ್ರದೊಂದಿಗೆ ಆಡುತ್ತಿದ್ದಾಗ ಪುಸ್ತಕದ ಹುಳುವಿನ ಕಲ್ಪನೆ ಬಂತು; ಸಂಪಾದಕಿ ಆ್ಯನ್ ಬೆನೆಡ್ಯೂಸ್ ಆ ಹುಳುವಿನ ಬದಲು ಕಂಬಳಿಹುಳು ಆಗಬಹುದಲ್ಲ ಎಂದರು; ಕಾರ್ಲ್ ಬಾಯಲ್ಲಿ ಒಡನೆ ಬಂದ ಮಾತು ಚಿಟ್ಟೆ. ತೂತುಗಳಿರುವ, ಅಳತೆ ಬೇರೆಬೇರೆಯಾದ ಪುಟಗಳನ್ನು ಕೈಗೆಟಕುವ ಖರ್ಚಿನಲ್ಲಿ ಮಾಡಿಕೊಡುವ ಮುದ್ರಣಾಲಯ ಅಮೆರಿಕದಲ್ಲಿ ಸಿಗದೆ ಪುಸ್ತಕ ಮೊದಲು ಅಚ್ಚಾದದ್ದು ಜಪಾನಿನಲ್ಲಿ. ಈ ಮಾತುಗಳು ಕೈಗೆ ಸಿಗುವ ವಸ್ತುವಿಗೆ ಅಂಟಿಕೊಂಡಿವೆ: ಸೇಬಿನ ಪುಟ ಕಿರಿದು, ಕಿತ್ತಳೆಯ ಪುಟ ಅಗಲ, ಎಲ್ಲದರಲ್ಲೂ ಬೆರಳು ತೂರುವಷ್ಟು ತೂತು. ಅಣಕು ಸಂದರ್ಶನದ ಜಗಳಕ್ಕೆ ಪುಟದ ಮೇಲೆ ಕುರುಹೇ ಇಲ್ಲ. ಅದನ್ನು ಜನ ನಂಬಿದ್ದು ನಂಬಲು ಹಿತವಾಗಿದ್ದುದರಿಂದ. ನಂಬಲು ತಕ್ಕ ಮಾತು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸಲು ಓದುಗರ ಕೈಯಲ್ಲಿ ಒಂದು ಸಾಧನವಿದೆ, ಅದು ಪುಸ್ತಕವೇ. ನೆನಪು ತಪ್ಪುತ್ತದೆ ಎಂಬ ಕಾರಣಕ್ಕೆ ಯಾರೂ ಆತ್ಮಕಥೆ ಓದುವುದನ್ನು ಬಿಟ್ಟಿಲ್ಲ, ಎಚ್ಚರದಿಂದ ಓದುತ್ತಾರೆ. ಪ್ರಚಾರದ ವಿಷಯವೂ ಹೀಗೆಯೇ. ಹೊಸ ಪುಸ್ತಕ ಮಾರಾಟಕ್ಕೆ ಬಂದ ವಾರ ಕೊಟ್ಟ ಸಂದರ್ಶನದಲ್ಲಿ ಪ್ರಚಾರ ಇದ್ದೇ ಇರುತ್ತದೆ. ಲೇಖಕರ ಸಂದರ್ಶನದಲ್ಲೂ ಅದು ಅಷ್ಟೇ ಇರುತ್ತದೆ. ಅಲ್ಲಿ ಸಹಿಸಿಕೊಂಡ ದೋಷವನ್ನು ಇಲ್ಲಿ ಮಾತ್ರ ದೊಡ್ಡದು ಮಾಡುವುದು ಸಮನಾದ ತಕ್ಕಡಿಯಲ್ಲ.

ನಾಲ್ಕನೆಯ ವಾದದಲ್ಲಿ ಅರ್ಧವನ್ನು ಒಪ್ಪಿಕೊಳ್ಳಲೇಬೇಕು. ಮಗು ಚಿತ್ರವನ್ನು ಮೊದಲ ಸಲ ನೋಡುವಾಗ ನಡುವೆ ಯಾರೂ ಬೇಡ. ಕಂಬಳಿಹುಳುವಿನ ತೂತಿಗೆ ಬೆರಳು ಹಾಕುವ ಎರಡು ವರ್ಷದ ಕೂಸಿಗೆ ಜಪಾನಿನ ಮುದ್ರಣಾಲಯ ಕಟ್ಟಿಕೊಂಡು ಏನಾಗಬೇಕು? ಆದರೆ ಕೂಸು ಬೆಳೆಯುತ್ತದೆ. ‘ಅಮ್ಮಾ, ಇದನ್ನ ಯಾರು ಬರೆದದ್ದು? ಹೇಗೆ ಬರೆದರು?’ ಎಂದು ಒಂದು ದಿನ ಅದೇ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರವಿದ್ದ ಮನೆಗೂ ಇಲ್ಲದ ಮನೆಗೂ ವ್ಯತ್ಯಾಸವಿದೆ. ಮೈಸೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬದುಕು ಕಟ್ಟಿಕೊಂಡ ಆರ್.ಕೆ. ಲಕ್ಷ್ಮಣ್ ಅಣ್ಣ ನಾರಾಯಣರ ಮಾಲ್ಗುಡಿಗೂ ಪತ್ನಿ ಕಮಲಾ ಅವರ ‘ಥಾಮ’ ಎಂಬ ಆನೆಮರಿಯ ಕಥೆಗಳಿಗೂ ಚಿತ್ರ ಬರೆದವರು. ಶಾಲೆಯಲ್ಲಿ ಎಲೆಯೊಂದನ್ನು ಬರೆಯಲು ಹೇಳಿದಾಗ ತಾವು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ್ದನ್ನೂ ಮುಂದೆ ಮುಂಬೈಯ ಜೆ.ಜೆ. ಕಲಾಶಾಲೆ ತಮ್ಮಲ್ಲಿ ಸಾಕಷ್ಟು ಪ್ರತಿಭೆಯಿಲ್ಲವೆಂದು ಪ್ರವೇಶ ನಿರಾಕರಿಸಿದ್ದನ್ನೂ ಅವರು ಹೇಳಿಕೊಂಡಿದ್ದಾರೆ. ಪುಟದಲ್ಲಿರುವ ಆನೆಮರಿ ಆಕಾಶದಿಂದ ಉದುರಿದ್ದಲ್ಲ, ತನ್ನಂತೆಯೇ ಶಾಲೆಗೆ ಹೋಗಿ, ತನ್ನಂತೆಯೇ ಎಲೆ ಬರೆದ ಒಬ್ಬರ ಕೈಯಿಂದ ಬಂದದ್ದು ಎಂಬುದು ಹತ್ತು ವರ್ಷದ ಮಗುವಿಗೆ ಅರ್ಥವಾಗುವ ವಿಷಯ. ಇನ್ನು ಇದು ದೊಡ್ಡವರ ಹವ್ಯಾಸ ಎಂಬ ಮಾತನ್ನು ಆಪಾದನೆಯೆಂದೇ ಹಿಡಿದರೂ ಅದರಲ್ಲಿ ತಪ್ಪೇನಿದೆ ಎಂಬುದು ಸ್ಪಷ್ಟವಿಲ್ಲ. ಮಕ್ಕಳ ಪುಸ್ತಕ ಆರಿಸುವವರು, ಕೊಳ್ಳುವವರು, ರಾತ್ರಿ ಪಕ್ಕದಲ್ಲಿ ಕೂತು ಓದಿ ಹೇಳುವವರು ದೊಡ್ಡವರೇ. ಅವರ ಕಣ್ಣು ಪಳಗಿದರೆ ಮಗುವಿನ ಮುಂದೆ ಬರುವ ಪುಸ್ತಕಗಳ ಗುಣವೂ ಬದಲಾಗುತ್ತದೆ.

ಹಾಗಾಗಿ ವಿರೋಧ ಪಕ್ಷದಿಂದ ಉಳಿಸಿಕೊಳ್ಳಬೇಕಾದ್ದು ಎರಡು ಎಚ್ಚರಿಕೆಗಳನ್ನು. ಒಂದು, ಅನುಕ್ರಮ: ಮೊದಲು ಪುಸ್ತಕ, ಆಮೇಲೆ ಸಂದರ್ಶನ. ಭೀಮಾಯಣದ ಗುಳ್ಳೆಗಳ ಗುಟ್ಟನ್ನು ಮೊದಲೇ ಕೇಳಿಸಿಕೊಂಡು ಪುಸ್ತಕ ತೆರೆದವರಿಗೆ ತಾವೇ ಚೇಳಿನ ಬಾಲವನ್ನು ಕಂಡುಕೊಳ್ಳುವ ಅವಕಾಶ ತಪ್ಪುತ್ತದೆ, ಅದು ನಿಜವಾದ ನಷ್ಟ. ಎರಡು, ಪ್ರಶ್ನೆಯ ಗುಣ. ಕನ್ನಡದಲ್ಲಿ ಕಲಾವಿದರನ್ನು ಮಾತಾಡಿಸುವಾಗ ಹೆಚ್ಚಾಗಿ ಕೇಳುವುದು ಬಾಲ್ಯ, ಗುರುಗಳು, ಸ್ಫೂರ್ತಿ, ಬಂದ ಪ್ರಶಸ್ತಿ. ಇವಕ್ಕೆ ಯಾರು ಉತ್ತರಿಸಿದರೂ ಒಂದೇ ಥರ ಕೇಳಿಸುತ್ತದೆ, ಮತ್ತು ಇಂಥ ಸಂದರ್ಶನಗಳೇ ಆ ಹಳೆಯ ತಾತ್ಸಾರಕ್ಕೆ ಗೊಬ್ಬರ. ಸಂದರ್ಶಕರು ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಈ ಪುಟದಲ್ಲಿ ಹುಡುಗಿ ಬೆನ್ನು ತಿರುಗಿಸಿ ನಿಂತಿರುವುದೇಕೆ, ಮೊದಲ ಕರಡಿನಲ್ಲಿ ಎತ್ತ ನೋಡುತ್ತಿದ್ದಳು, ಕಥೆಯಲ್ಲಿಲ್ಲದ ಬೆಕ್ಕು ಮೂಲೆಗೆ ಹೇಗೆ ಬಂತು, ಲೇಖಕರು ಅದಕ್ಕೆ ಏನೆಂದರು, ಅಚ್ಚಿನಲ್ಲಿ ಬಣ್ಣ ಎಷ್ಟು ಕೆಟ್ಟಿತು ಎಂದು ಕೇಳಿದರೆ, ಉತ್ತರಿಸಲು ಕಲಾವಿದರೂ ಆ ಪುಟವನ್ನು ಹತ್ತಿರ ಎಳೆದುಕೊಂಡು ನೋಡಬೇಕಾಗುತ್ತದೆ.